ಸ್ಕ್ರೂ ಎಂದರೆ ಯಾವ ಸ್ಕ್ರೂ? ಆಸ್ಪತ್ರೆಯ ಸಾಧನಗಳು, ಯಂತ್ರಭಾಗಗಳು ಮತ್ತು ಅವುಗಳ ಇಂಗ್ಲಿಷ್ ಹೆಸರುಗಳು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ನಮ್ಮ ಸದಸ್ಯರಲ್ಲಿ ಅನೇಕರು ಸಣ್ಣ ವರ್ಕ್‌ಶಾಪ್‌ಗಳನ್ನು ನಡೆಸುತ್ತಿರುವವರು. ಅಡಿಕೆ ಸುಲಿಯುವ ಯಂತ್ರ, ಬೋರ್ಡೋ ದ್ರಾವಣ ಸಿಂಪಡಿಸುವ ಪಂಪು, ಟ್ರ್ಯಾಕ್ಟರ್‌ನ ಟ್ರೇಲರು, ಕಾಲುವೆ ತೂಬಿನ ಗೇಟು ಇವೇ ಅವರ ನಿತ್ಯದ ಕೆಲಸ. ಈಗ ಊರಿನ ನರ್ಸಿಂಗ್ ಹೋಮ್‌ಗಳೂ ಇದೇ ವರ್ಕ್‌ಶಾಪ್‌ಗಳ ಬಾಗಿಲಿಗೆ ಬರುತ್ತಿವೆ. ಮಂಚದ ತಿರುಗಣಿ ಕೆಟ್ಟರೆ, ಗಾಲಿಕುರ್ಚಿಯ ಚಕ್ರ ಸಡಿಲವಾದರೆ ಬೆಂಗಳೂರಿಗೆ ಕಳುಹಿಸುವುದಕ್ಕಿಂತ ಇಲ್ಲಿಯೇ ಸರಿಪಡಿಸಿಕೊಳ್ಳುವುದು ಅವರಿಗೆ ಅನುಕೂಲ. ನಮ್ಮವರಿಗೂ ಇದು ಒಳ್ಳೆಯ ವ್ಯವಹಾರವೇ. ಆದರೆ ಈ ವ್ಯವಹಾರದೊಂದಿಗೆ ಒಂದು ಹೊಸ ಪದಸಂಪತ್ತೂ ಬರುತ್ತದೆ. ಅದನ್ನು ಅರಿಯದೆ ಬಿಲ್ಲು ಬರೆದರೆ ಆಗುವ ತೊಂದರೆ ಎಂಥದೆಂಬುದನ್ನು ಒಂದು ಪ್ರಸಂಗದ ಮೂಲಕ ವಿವರಿಸುತ್ತೇನೆ.

ಕೆಲವು ತಿಂಗಳುಗಳ ಹಿಂದೆ ಅಂಬ್ಲಿಗೊಳ ಜಲಾಶಯದ ಕಡೆಯಿಂದ ನನ್ನ ಕಕ್ಷಿದಾರರೊಬ್ಬರು ಕಚೇರಿಗೆ ಬಂದರು. ಒಂದು ನರ್ಸಿಂಗ್ ಹೋಮ್‌ನ ಆರು ಫೌಲರ್ ಮಂಚಗಳನ್ನು ದುರಸ್ತಿ ಮಾಡಿ, ಹೊಸ ಬೋಲ್ಟುಗಳನ್ನೂ ಕ್ಯಾಸ್ಟರ್ ಚಕ್ರಗಳನ್ನೂ ಜೋಡಿಸಿ ಕೊಟ್ಟಿದ್ದರು. ಬಿಲ್ಲಿನಲ್ಲಿ ‘ಸ್ಕ್ರೂ, ಪ್ಲೇಟ್, ವೀಲ್ – ಹಾಸ್ಪಿಟಲ್ ಐಟಂ’ ಎಂದು ಬರೆದು, 9021 ಎಂಬ ಸಂಕೇತ ಹಾಕಿ, ಶೇ. 5ರಂತೆ ತೆರಿಗೆ ವಿಧಿಸಿದ್ದರು. ಬಿಲ್ಲು ಹಣವಿಲ್ಲದೆ ಹಿಂತಿರುಗಿ ಬಂದಿತ್ತು.

“ಸ್ವಾಮಿ, ಆಸ್ಪತ್ರೆಯ ಸ್ಕ್ರೂಗೆ ಐದು ಪರ್ಸೆಂಟ್ ಎಂದು ಪರಿಚಯದವರೊಬ್ಬರು ಹೇಳಿದರು. ಸ್ಕ್ರೂ ಅಂದರೆ ಸ್ಕ್ರೂ ಅಲ್ಲವೇ?” ಎಂದು ಅವರು ಕೇಳಿದರು.

ಅಲ್ಲ ಎಂಬುದೇ ಈ ಪಾಠದ ಸಾರ.

1. ಒಂದೇ ಪದ, ಎರಡು ಮನೆ

ವರ್ಕ್‌ಶಾಪ್‌ನ ಸ್ಕ್ರೂ, ಬೋಲ್ಟು, ನಟ್ಟುಗಳು ಎಚ್‌ಎಸ್‌ಎನ್ ಪಟ್ಟಿಯಲ್ಲಿ 7318ನೆಯ ಶೀರ್ಷಿಕೆಗೆ ಸೇರುತ್ತವೆ, ತೆರಿಗೆ ಶೇ. 18. ಮುರಿದ ಮೂಳೆಯನ್ನು ಕೂಡಿಸಲು ಶಸ್ತ್ರವೈದ್ಯರು ದೇಹದೊಳಗೆ ಕೂರಿಸುವ ‘ಬೋನ್ ಸ್ಕ್ರೂ’ 9021ಕ್ಕೆ ಸೇರುತ್ತದೆ, ತೆರಿಗೆ ಶೇ. 5. ದೇಹದೊಳಗೆ ಅಳವಡಿಸುವ ಇಂಪ್ಲಾಂಟ್‌ಗಳಿಗೆಂದೇ ವಿಶೇಷವಾಗಿ ರೂಪಿಸಿದ ಇಂತಹ ವಸ್ತುಗಳು 9021ರಲ್ಲಿಯೇ ಇರತಕ್ಕದ್ದೆಂದು 2022ರಲ್ಲಿ ಜಾರಿಗೆ ಬಂದ ಪರಿಷ್ಕೃತ ಪಟ್ಟಿಯ 90ನೆಯ ಅಧ್ಯಾಯದ ಟಿಪ್ಪಣಿ ಸ್ಪಷ್ಟಪಡಿಸಿದೆ. ಮಂಚಕ್ಕೆ ಬಿಗಿಯುವ ಬೋಲ್ಟು ಆಸ್ಪತ್ರೆಯೊಳಗೆ ಹೋದ ಮಾತ್ರಕ್ಕೆ ಬೋನ್ ಸ್ಕ್ರೂ ಆಗುವುದಿಲ್ಲ. ಸರಕು ಎಲ್ಲಿಗೆ ಹೋಗುತ್ತದೆ ಎಂಬುದಲ್ಲ, ಅದು ಏನು ಎಂಬುದೇ ವರ್ಗೀಕರಣದ ಆಧಾರ.

ಹೀಗೆಯೇ ಎರಡು ಮನೆಗಳಲ್ಲಿ ಬಾಳುವ ಇನ್ನೂ ಕೆಲವು ಪದಗಳನ್ನು ಗಮನಿಸಬೇಕು.

ವಾಲ್ವ್: ಕನ್ನಡದಲ್ಲಿ ಕವಾಟ. ಪೈಪಿಗೆ ಹಾಕುವ ವಾಲ್ವ್ 8481. ಹೃದಯಕ್ಕೆ ಅಳವಡಿಸುವ ಕೃತಕ ಕವಾಟ 9021. ಎರಡರ ಕೆಲಸವೂ ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವುದು ಅಥವಾ ತಡೆಯುವುದೇ ಆದರೂ ಕಾನೂನಿನಲ್ಲಿ ಅವು ಅಣ್ಣತಮ್ಮಂದಿರಲ್ಲ.

ಡ್ರಿಲ್: ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ 8467. ದಂತವೈದ್ಯರ ಡ್ರಿಲ್ 9018.

ಸ್ಪ್ರೇಯರ್ ಮತ್ತು ನೆಬ್ಯುಲೈಸರ್: ಎರಡೂ ದ್ರವವನ್ನು ಸೂಕ್ಷ್ಮ ಹನಿಗಳನ್ನಾಗಿಸುವ ಸಾಧನಗಳೇ. ಅಡಿಕೆ ಕೊನೆಗೆ ಔಷಧ ಹೊಡೆಯುವ ಸ್ಪ್ರೇಯರ್ 8424. ಉಬ್ಬಸದ ರೋಗಿಗೆ ಔಷಧವನ್ನು ಉಸಿರಿನೊಡನೆ ಕೊಡುವ ನೆಬ್ಯುಲೈಸರ್ 9019.

ಮಂಚ ಮತ್ತು ಕುರ್ಚಿ: ಯಾಂತ್ರಿಕ ಜೋಡಣೆಯುಳ್ಳ ಆಸ್ಪತ್ರೆ ಮಂಚ, ಶಸ್ತ್ರಚಿಕಿತ್ಸೆಯ ಮೇಜು, ದಂತವೈದ್ಯರ ಕುರ್ಚಿ 9402ರಲ್ಲಿವೆ. ಕ್ಷೌರದ ಅಂಗಡಿಯ ಕುರ್ಚಿಯೂ ಇದೇ ಶೀರ್ಷಿಕೆಯಲ್ಲಿದೆ! ಆದರೆ ವೀಲ್‌ಚೇರ್ ಕುರ್ಚಿಯಲ್ಲ, ವಾಹನ. ಅದರ ಸಂಕೇತ 8713.

ಆಟೋಕ್ಲೇವ್: ಉಪಕರಣಗಳನ್ನು ಹಬೆಯಿಂದ ಕ್ರಿಮಿಮುಕ್ತಗೊಳಿಸುವ ಪಾತ್ರೆ. ಇದು 90ನೆಯ ಅಧ್ಯಾಯದಲ್ಲಿಲ್ಲ. ಶಾಖದಿಂದ ಕೆಲಸ ಮಾಡುವ ಯಂತ್ರಗಳೊಡನೆ 8419ರಲ್ಲಿದೆ.

2025ರ ಸೆಪ್ಟೆಂಬರ್ 22ರಿಂದ 9018ರ ವೈದ್ಯಕೀಯ ಉಪಕರಣಗಳ ಮೇಲಿನ ತೆರಿಗೆ ಶೇ. 12ರಿಂದ 5ಕ್ಕೂ, ವೈದ್ಯಕೀಯ ಥರ್ಮಾಮೀಟರ್‌ಗಳ ತೆರಿಗೆ ಶೇ. 18ರಿಂದ 5ಕ್ಕೂ ಇಳಿದಿದೆ. ಸಾಮಾನ್ಯ ಯಂತ್ರಭಾಗಗಳ ತೆರಿಗೆ ಬಹುಮಟ್ಟಿಗೆ ಶೇ. 18ರಲ್ಲಿಯೇ ಇದೆ. ಆದ್ದರಿಂದ ಒಂದು ಪದದ ತಪ್ಪಿಗೆ ತೆರಬೇಕಾದ ಬೆಲೆ ಶೇ. 13. ಆಸ್ಪತ್ರೆಯ ಚಿಕಿತ್ಸಾ ಸೇವೆಗೆ ಸಾಮಾನ್ಯವಾಗಿ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಅವರು ಕೊಟ್ಟ ತೆರಿಗೆ ಅವರಿಗೆ ಜಮೆಯಾಗಿ ದೊರೆಯುವುದಿಲ್ಲ. ಅದು ನೇರವಾಗಿ ವೆಚ್ಚವಾಗುತ್ತದೆ. ಅವರ ಲೆಕ್ಕ ವಿಭಾಗದವರು ಬಿಲ್ಲನ್ನು ಸೂಕ್ಷ್ಮವಾಗಿ ನೋಡುವುದು ಈ ಕಾರಣದಿಂದಲೇ.

2. ಪದದ ಬಾಲ ಹಿಡಿದರೆ ಅರ್ಥ ಸಿಗುತ್ತದೆ

ವೈದ್ಯಕೀಯ ಸಾಧನಗಳ ಹೆಸರುಗಳು ಉದ್ದವಾಗಿದ್ದರೂ ಹೆಚ್ಚಿನವು ಗ್ರೀಕ್ ಮತ್ತು ಲ್ಯಾಟಿನ್ ಪದಗಳ ಜೋಡಣೆ. ನಮ್ಮ ಸಮಾಸಪದಗಳನ್ನು ಬಿಡಿಸಿದಂತೆ ಇವನ್ನೂ ಬಿಡಿಸಬಹುದು.

‘ಮೀಟರ್’ ಎಂದು ಮುಗಿದರೆ ಅಳೆಯುವ ಸಾಧನ: ಥರ್ಮಾಮೀಟರ್ ತಾಪಮಾನವನ್ನೂ, ಆಕ್ಸಿಮೀಟರ್ ರಕ್ತದಲ್ಲಿನ ಆಮ್ಲಜನಕದ ಪ್ರಮಾಣವನ್ನೂ, ವರ್ಕ್‌ಶಾಪ್‌ನ ಟ್ಯಾಕೋಮೀಟರ್ ತಿರುಗುವ ವೇಗವನ್ನೂ ಅಳೆಯುತ್ತದೆ. ‘ಸ್ಕೋಪ್’ ಎಂದರೆ ನೋಡುವ ಅಥವಾ ಪರೀಕ್ಷಿಸುವ ಸಾಧನ. ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ಕಂಡುಹಿಡಿದ ಸ್ಟೆತಸ್ಕೋಪ್‌ನ ಮೊದಲ ಭಾಗಕ್ಕೆ ಎದೆ ಎಂದು ಅರ್ಥ. ‘ಗ್ರಾಫ್’ ದಾಖಲಿಸುವ ಯಂತ್ರ. ‘ಗ್ರಾಮ್’ ಅದು ಬರೆದುಕೊಟ್ಟ ದಾಖಲೆ. ಎಲೆಕ್ಟ್ರೋಕಾರ್ಡಿಯೋಗ್ರಾಫ್ ಯಂತ್ರವಾದರೆ ಎಲೆಕ್ಟ್ರೋಕಾರ್ಡಿಯೋಗ್ರಾಮ್ ರೋಗಿಯ ಕೈಗೆ ಬರುವ ಕಾಗದ. ಯಂತ್ರ ಮಾರುವವರು ಎರಡನೆಯದನ್ನು ಬಿಲ್ಲಿನಲ್ಲಿ ಬರೆದರೆ ಯಂತ್ರದ ಬದಲು ವರದಿಯನ್ನು ಮಾರಿದಂತಾಗುತ್ತದೆ.

ರಕ್ತದೊತ್ತಡ ನೋಡುವ ಸ್ಫಿಗ್ಮೋಮ್ಯಾನೋಮೀಟರ್ ನಾಲಿಗೆ ತೊಡರುವ ಹೆಸರು. ‘ಸ್ಫಿಗ್ಮೋ’ ಎಂದರೆ ನಾಡಿ. ‘ಮ್ಯಾನೋಮೀಟರ್’ ಎಂದರೆ ಒತ್ತಡಮಾಪಕ. ಕಂಪ್ರೆಸರ್ ಇಟ್ಟುಕೊಂಡಿರುವ ಯಾರಿಗೂ ಎರಡನೆಯ ಭಾಗ ಅಪರಿಚಿತವಲ್ಲ.

3. ಅಳತೆಯ ಪದಗಳು

‘ಗೇಜ್’ ಎಂಬ ಪದ ತಗಡು, ತಂತಿಗಳ ವ್ಯಾಪಾರಿಗಳಿಗೆ ಸುಪರಿಚಿತ. ಸಂಖ್ಯೆ ಹೆಚ್ಚಿದಂತೆ ದಪ್ಪ ಕಡಿಮೆ. ಇಂಜೆಕ್ಷನ್ ಸೂಜಿಗೂ ಇದೇ ನಿಯಮ: 18 ಗೇಜ್ ಸೂಜಿಯ ಹೊರವ್ಯಾಸ ಸುಮಾರು 1.27 ಮಿ.ಮೀ.; 24 ಗೇಜ್‌ನದು ಸುಮಾರು 0.57 ಮಿ.ಮೀ. ಆದರೆ ಕ್ಯಾಥೆಟರ್ ಎಂಬ ಕೊಳವೆಯನ್ನು ‘ಫ್ರೆಂಚ್’ ಎಂಬ ಮಾನದಲ್ಲಿ ಅಳೆಯುತ್ತಾರೆ. ಇಲ್ಲಿ ಲೆಕ್ಕ ತಿರುವುಮುರುವು: ಸಂಖ್ಯೆ ಹೆಚ್ಚಿದಂತೆ ಕೊಳವೆ ದಪ್ಪ. ಫ್ರೆಂಚ್ ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ಹೊರವ್ಯಾಸ ಮಿಲಿಮೀಟರ್‌ಗಳಲ್ಲಿ ದೊರೆಯುತ್ತದೆ. 12 ಫ್ರೆಂಚ್ ಎಂದರೆ 4 ಮಿ.ಮೀ. ಆರ್ಡರ್ ಬರೆದುಕೊಳ್ಳುವಾಗ ಸಂಖ್ಯೆಯ ಮುಂದಿನ ಮಾನವನ್ನು ಬಿಟ್ಟರೆ ಪೆಟ್ಟಿಗೆಗಟ್ಟಲೆ ಸರಕು ಹಿಂತಿರುಗುವುದು ಖಚಿತ.

ಒತ್ತಡದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ, 750 ಮಿ.ಮೀ. ಪಾದರಸ ಅಥವಾ 1,020 ಸೆಂ.ಮೀ. ನೀರು. ವೆಂಟಿಲೇಟರ್‌ನಲ್ಲಿ ಒತ್ತಡ 20 ಎಂದಿದ್ದರೆ ಅದು ಸಾಮಾನ್ಯವಾಗಿ 20 ಸೆಂ.ಮೀ. ನೀರು, ಅಂದರೆ 1 ಬಾರ್‌ನ ಐವತ್ತರಲ್ಲೊಂದು ಭಾಗ. ಬರಿಯ ‘20’ ಎಂಬ ಸಂಖ್ಯೆಗೆ ಯಾವ ಅರ್ಥವೂ ಇಲ್ಲ.

4. ಎಚ್ಚರಿಕೆಯ ಪದಗಳು

ಬಿಲ್ಲಿನ ಮಾತು ಮುಗಿದ ಮೇಲೆ ನನ್ನ ಕಕ್ಷಿದಾರರು ಕೈಚೀಲದಿಂದ ಒಂದು ಹಿತ್ತಾಳೆಯ ರೆಗ್ಯುಲೇಟರ್ ತೆಗೆದು ಮೇಜಿನ ಮೇಲಿಟ್ಟರು. ಅದೇ ನರ್ಸಿಂಗ್ ಹೋಮ್‌ನವರು ಆಕ್ಸಿಜನ್ ಸಿಲಿಂಡರಿನದೆಂದು ಹೇಳಿ ದುರಸ್ತಿಗೆ ಕೊಟ್ಟಿದ್ದರಂತೆ. “ಗುಬುಟು ಬಿಗಿಯಾಗಿದೆ. ಸಂಜೆ ಹೋಗಿ ಬಿಚ್ಚಿ, ಎರಡು ತೊಟ್ಟು ಎಣ್ಣೆ ಬಿಟ್ಟು ಕಟ್ಟಿಕೊಡಬೇಕು” ಎಂದರು. ಗೇಜಿನ ಮುಖದ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ‘ಯೂಸ್ ನೋ ಆಯಿಲ್’ ಎಂದು ಅಚ್ಚಾಗಿತ್ತು. ನಾನು ಓದಿ ಅರ್ಥ ಹೇಳಿದೆ: ಎಣ್ಣೆ ಬಳಸಕೂಡದು. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಮೂವತ್ತು ವರ್ಷ ಎಣ್ಣೆಗಿಂಡಿ ಹಿಡಿದ ಕೈ ಅದು. ಬಿಗಿಯಾದದ್ದಕ್ಕೆಲ್ಲ ಎಣ್ಣೆಯೇ ಔಷಧವೆಂದು ಕಲಿತಿತ್ತು.

ತುಂಬಿದ ಆಕ್ಸಿಜನ್ ಸಿಲಿಂಡರಿನಲ್ಲಿ ಸುಮಾರು 150 ಬಾರ್ ಒತ್ತಡವಿರುತ್ತದೆ. ಅಷ್ಟು ಒತ್ತಡದ ಶುದ್ಧ ಆಮ್ಲಜನಕಕ್ಕೆ ಎಣ್ಣೆ ಅಥವಾ ಗ್ರೀಸ್ ತಗುಲಿದರೆ ಕಿಡಿಯ ಅಗತ್ಯವೂ ಇಲ್ಲದೆ ಹೊತ್ತಿಕೊಂಡು ಸಿಡಿಯಬಹುದು. ಜಿಡ್ಡಿನ ಕೈಯಿಂದ ಮುಟ್ಟುವುದೂ ಅಪಾಯವೇ. ಇಂತಹ ರೆಗ್ಯುಲೇಟರ್‌ಗಳನ್ನು ಸಾಮಾನ್ಯ ವರ್ಕ್‌ಶಾಪ್‌ನಲ್ಲಿ ಬಿಚ್ಚದೆ ತಯಾರಕರು ಅಧಿಕಾರ ಕೊಟ್ಟ ದುರಸ್ತಿಗಾರರಿಗೇ ಕಳುಹಿಸತಕ್ಕದ್ದು. ತೆರಿಗೆಯ ತಪ್ಪನ್ನು ಬಡ್ಡಿ ಸಮೇತ ಕಟ್ಟಿ ತಿದ್ದಿಕೊಳ್ಳಬಹುದು. ಈ ಮೂರು ಪದಗಳ ತಪ್ಪನ್ನು ತಿದ್ದಲಾಗದು.

ಇಂತಹ ಇತರ ಎಚ್ಚರಿಕೆಗಳನ್ನೂ ಕೆಲಸಗಾರರಿಗೆ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುವುದು ಒಳ್ಳೆಯದು. ‘ಸ್ಟೆರೈಲ್’ ಎಂದರೆ ಕ್ರಿಮಿಮುಕ್ತಗೊಳಿಸಿ ಮುದ್ರೆ ಹಾಕಿದ್ದು. ಹೊದಿಕೆ ಹರಿದರೆ ಆ ಗುಣ ಹೋಯಿತು. ‘ನಾನ್-ಸ್ಟೆರೈಲ್’ ಎಂದರೆ ಹಾಗೆ ಮಾಡದಿದ್ದದ್ದು. ‘ಸಿಂಗಲ್ ಯೂಸ್’ ಎಂದರೆ ಒಮ್ಮೆ ಬಳಸಿ ಬಿಸಾಡತಕ್ಕದ್ದು. ಕೆಲವಕ್ಕೆ ಪದವೇ ಇರದೆ ಚಿಹ್ನೆ ಮಾತ್ರ ಇರುತ್ತದೆ: ಅಡ್ಡಗೆರೆ ಎಳೆದ 2ರ ಅಂಕಿ ಮರುಬಳಕೆ ಸಲ್ಲದೆಂದೂ, ಮರಳುಗಡಿಯಾರ ಬಳಕೆಯ ಕೊನೆಯ ದಿನಾಂಕವೆಂದೂ, ಮಳೆಹನಿಯ ಕೆಳಗಿನ ಕೊಡೆ ತೇವ ತಾಗಬಾರದೆಂದೂ ಸೂಚಿಸುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ದಾಸ್ತಾನು ಇಡುವವರು ಕೊನೆಯದನ್ನು ವಿಶೇಷವಾಗಿ ಗಮನಿಸಬೇಕು.

5. ಹೆಸರಿನ ಹಿಂದೆ ಪರವಾನಗಿ

ಕಡಿಮೆ ತೆರಿಗೆಯ ಆಸೆಗೆ ವೈದ್ಯಕೀಯ ಹೆಸರನ್ನು ಬರೆದುಕೊಳ್ಳುವವರು ಇನ್ನೊಂದು ಕಾನೂನನ್ನು ಮನೆಗೆ ಕರೆದುಕೊಂಡಂತೆ. ವೈದ್ಯಕೀಯ ಸಾಧನಗಳ ನಿಯಮಗಳು, 2017, ಜಾರಿಗೆ ಬಂದದ್ದು 2018ರ ಜನವರಿ 1ರಂದು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ದೃಷ್ಟಿಯಲ್ಲಿ ‘ಔಷಧ’ಗಳೇ. ಅಪಾಯದ ಪ್ರಮಾಣಕ್ಕೆ ಅನುಗುಣವಾಗಿ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿವೆ. ಎ, ಬಿ ವರ್ಗಗಳ ತಯಾರಿಕೆಗೆ 2022ರ ಅಕ್ಟೋಬರ್ 1ರಿಂದಲೂ, ಸಿ, ಡಿ ವರ್ಗಗಳಿಗೆ 2023ರ ಅಕ್ಟೋಬರ್ 1ರಿಂದಲೂ ಪರವಾನಗಿ ಕಡ್ಡಾಯವಾಯಿತು. ಎ ವರ್ಗದಲ್ಲಿ ಸ್ಟೆರೈಲ್ ಅಲ್ಲದ, ಅಳತೆಯ ಕಾರ್ಯವಿಲ್ಲದ ಸಾಧನಗಳಿಗೆ ಪರವಾನಗಿಯಿಂದ ವಿನಾಯಿತಿಯಿದೆ; ನೋಂದಣಿ ಮಾತ್ರ ಬೇಕು. ತಮ್ಮ ಸರಕು ಯಾವ ವರ್ಗದ್ದೆಂಬುದನ್ನು ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಪಟ್ಟಿಯಲ್ಲಿ ನೋಡಿ ತಿಳಿಯಬೇಕು. ಮಾರಾಟ ಮಾತ್ರ ಮಾಡುವ ವ್ಯಾಪಾರಿಗಳಿಗೆ ರಾಜ್ಯ ಪ್ರಾಧಿಕಾರ ಕೊಡುವ ಎಂಡಿ-42 ನಮೂನೆಯ ನೋಂದಣಿ ಪತ್ರವಿದೆ.

ಪರವಾನಗಿ ಬೇಕಾದ ಸಾಧನವನ್ನು ಅದಿಲ್ಲದೆ ತಯಾರಿಸಿದರೆ 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯನ್ವಯ 3 ವರ್ಷಗಳಿಗೆ ಕಡಿಮೆಯಿಲ್ಲದ ಸೆರೆವಾಸದ ಶಿಕ್ಷೆಯುಂಟು. ಮಂಚದ ಬೋಲ್ಟಿಗೆ 9021 ಎಂದು ಬರೆದ ನಮ್ಮ ಸದಸ್ಯರು ತಮಗೆ ತಿಳಿಯದೆಯೇ, ತಾವು ಮೂಳೆಯ ಇಂಪ್ಲಾಂಟ್ ಪೂರೈಸಿದ್ದಾಗಿ ಕೈಬರಹದ ಸಾಕ್ಷಿ ಕೊಟ್ಟಿದ್ದರು.

6. ಬಿಲ್ಲಿನಲ್ಲಿ ಬರೆಯುವ ಕ್ರಮ

ಪ್ರತಿಯೊಂದು ಸಾಲಿನಲ್ಲಿಯೂ ನಾಲ್ಕು ಅಂಶಗಳಿರಲಿ: ವಸ್ತುವಿನ ಪೂರ್ಣ ಹೆಸರು, ಅದು ಯಾವುದರ ಭಾಗ, ಲೋಹ ಮತ್ತು ಅಳತೆ, ಮಾನ ಸಹಿತ, ಹೊಸದಾಗಿ ಪೂರೈಸಿದ್ದೋ ದುರಸ್ತಿಯೋ. ‘ಹಾಸ್ಪಿಟಲ್ ಐಟಂ’, ‘ಮೆಡಿಕಲ್ ಸ್ಪೇರ್’ ಎಂಬಂತಹ ಪದಗಳನ್ನು ಸಂಪೂರ್ಣವಾಗಿ ಬಿಡತಕ್ಕದ್ದು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರದವರು ನೋಂದಾಯಿತ ಗ್ರಾಹಕರಿಗೆ ಕೊಡುವ ಬಿಲ್ಲಿನಲ್ಲಿ 4 ಅಂಕಿಗಳ, ಮೀರಿದವರು 6 ಅಂಕಿಗಳ ಸಂಕೇತ ನಮೂದಿಸಬೇಕು.

ಶೇ. 18ರ ಉಕ್ಕು ಕೊಂಡು, ಶೇ. 5ರ ಸಾಧನವನ್ನು ನಿಜವಾಗಿಯೇ ತಯಾರಿಸುವವರಿಗೂ ಒಂದು ಮಾತು. ಇಂತಹವರು ಉಳಿದ ತೆರಿಗೆ ಜಮೆಯನ್ನು ಸಿಜಿಎಸ್‌ಟಿ ಕಾಯ್ದೆಯ 54(3)ನೆಯ ಕಲಮಿನಂತೆ ಮರುಪಾವತಿ ಕೇಳಬಹುದು. ಆದರೆ ಕೊಂಡ ಬಿಲ್ಲು, ಮಾರಿದ ಬಿಲ್ಲು, ಪರವಾನಗಿ ಮೂರರಲ್ಲಿಯೂ ಹೆಸರು ತಾಳೆಯಾಗಬೇಕು. ಹೆಸರು ತಪ್ಪಿದಲ್ಲಿ ಹಣ ನಿಲ್ಲುತ್ತದೆ.

ನಮ್ಮ ಸದಸ್ಯರ ಹಳೆಯ ಬಿಲ್ಲಿಗೆ ಕ್ರೆಡಿಟ್ ನೋಟ್ ಕೊಟ್ಟು ಹೊಸದನ್ನು ಬರೆದೆವು. ಒಂದೇ ಸಾಲಿದ್ದದ್ದು ಮೂರಾಯಿತು: ಫೌಲರ್ ಮಂಚಕ್ಕೆ ಮೈಲ್ಡ್ ಸ್ಟೀಲ್ ಹೆಕ್ಸ್ ಬೋಲ್ಟು, ಅಳತೆ ಸಹಿತ, 7318; ಕ್ಯಾಸ್ಟರ್ ಚಕ್ರ, ವ್ಯಾಸ ಸಹಿತ, 8302; ಮಂಚದ ದುರಸ್ತಿಯ ಮಜೂರಿ, 9987. ಮೂರಕ್ಕೂ ಶೇ. 18. ತೆರಿಗೆ ಹೆಚ್ಚಾದರೂ ನರ್ಸಿಂಗ್ ಹೋಮ್‌ನವರು ತಕರಾರು ಮಾಡದೆ ಹಣ ಪಾವತಿಸಿದರು. ರೆಗ್ಯುಲೇಟರ್ ಬಿಚ್ಚದೆಯೇ ಹಿಂತಿರುಗಿತು. ಈಗ ಅವರ ವರ್ಕ್‌ಶಾಪ್‌ನಲ್ಲಿ ಎಣ್ಣೆಗಿಂಡಿ ಇಡುವ ಗೂಡಿನ ಮೇಲೆ ಒಂದು ಹಲಗೆ ತೂಗುತ್ತಿದೆ. ಅದರಲ್ಲಿ ಕನ್ನಡದ ದಪ್ಪ ಅಕ್ಷರಗಳಲ್ಲಿ ಹೀಗೆ ಬರೆದಿದೆ: ‘ಆಕ್ಸಿಜನ್ ಸಾಮಾನಿಗೆ ಎಣ್ಣೆ ಮುಟ್ಟಿಸಬಾರದು. ಓದದೆ ಯಾವುದನ್ನೂ ಬಿಚ್ಚಬಾರದು.’