ಸಕ್ಕರೆ ಕಾಯಿಲೆಯವರೂ ಗದ್ದೆಯ ಕೆಸರೂ

ಮಳೆ ಹಿಡಿದೊಡನೆ ಕರಾವಳಿಯ ರೈತ ದಂಪತಿಗಳಾದ ನೀವು ಗದ್ದೆಗೆ ಇಳಿಯುವಿರಿ. ನೇಜಿ ನೆಡುವಾಗ ಅಂಗಾಲಿನ ಬಿರುಕನ್ನಾಗಲಿ, ಕತ್ತಿ ತಗುಲಿದ ಸಣ್ಣ ಗಾಯವನ್ನಾಗಲಿ ಯಾರೂ ಲೆಕ್ಕಿಸುವುದಿಲ್ಲ. ಆದರೆ ನಿಮ್ಮಿಬ್ಬರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದ್ದರೆ ಲೆಕ್ಕಿಸಲೇಬೇಕು.

ಒದ್ದೆ ಮಣ್ಣಿನಲ್ಲಿಯೂ ನಿಂತ ನೀರಿನಲ್ಲಿಯೂ ವಾಸಿಸುವ ಒಂದು ರೋಗಾಣುವಿನಿಂದ ಮೆಲಿಯಾಯ್ಡೋಸಿಸ್ ಎಂಬ ರೋಗವು ಬರುತ್ತದೆ. 1911ರಲ್ಲಿ ಬರ್ಮಾದ ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬವರು ಇದನ್ನು ಮೊದಲು ಗುರುತಿಸಿದರು. ಅಂದಿನ ರೋಗಿಗಳಲ್ಲಿ ಅನೇಕರು ನಿರ್ಗತಿಕರು, ಮಾರ್ಫಿನ್ ಚಟದಿಂದ ಕೃಶರಾದವರು. ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಇದು ಹೆಚ್ಚಾಗಿ ಮಳೆಗಾಲದಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಕಂಡುಬರುತ್ತದೆ. ಅತಿಯಾಗಿ ಮದ್ಯ ಸೇವಿಸುವವರಿಗೂ ಮೂತ್ರಪಿಂಡದ ರೋಗಿಗಳಿಗೂ ಅಪಾಯವುಂಟು.

ಇದಕ್ಕೆ ಕಾರಣವೇನು? ರಕ್ತದಲ್ಲಿರುವ ಬಿಳಿಯ ಕಣಗಳು ರೋಗಾಣುಗಳನ್ನು ನುಂಗಿ ಕೊಲ್ಲುತ್ತವೆ. ಸಕ್ಕರೆಯು ಹತೋಟಿಯಲ್ಲಿಲ್ಲದಿದ್ದರೆ ಈ ಕಣಗಳ ಶಕ್ತಿ ಕುಂದುತ್ತದೆ. ಆಗ ಈ ರೋಗಾಣುವು ತನ್ನನ್ನು ನುಂಗಿದ ಕಣದೊಳಗೇ ಬದುಕಿ, ವೃದ್ಧಿಸಿ, ಪಕ್ಕದ ಜೀವಕೋಶಕ್ಕೆ ದಾಟುತ್ತದೆ. ಕಾವಲುಗಾರನ ಮನೆಯಲ್ಲಿಯೇ ಕಳ್ಳನು ಅಡಗಿದಂತೆ! ಶ್ವಾಸಕೋಶ, ಯಕೃತ್ತು, ಗುಲ್ಮಗಳಲ್ಲಿ ಕೀವು ತುಂಬಬಹುದು. ರಕ್ತಕ್ಕೆ ಸೇರಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವಾಗಬಹುದು.

ಜ್ವರ, ಕೆಮ್ಮು, ತೂಕ ಇಳಿಯುವಿಕೆ, ಇವೆಲ್ಲ ಕ್ಷಯರೋಗದಂತೆಯೇ ತೋರುತ್ತವೆ. ನಾನೂ ಒಮ್ಮೆ ಹಾಗೆಯೇ ಮೋಸಹೋದೆ. ಕ್ಷಯದ ಮಾತ್ರೆಗಳನ್ನು ಕೊಟ್ಟು ವಾರಗಳು ಕಳೆದರೂ ಆ ರೈತರ ಜ್ವರ ಇಳಿಯಲಿಲ್ಲ. ಕೀವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿದ ಮೇಲೆಯೇ ನಿಜ ತಿಳಿಯಿತು. ಅವರು ಬದುಕಿ ಉಳಿದದ್ದು ನನ್ನ ಪುಣ್ಯ.

ಪೆನಿಸಿಲಿನ್, ಜೆಂಟಾಮೈಸಿನ್‌ಗಳಿಗೆ ಈ ರೋಗಾಣು ಸಾಮಾನ್ಯವಾಗಿ ಜಗ್ಗದು. ಆಸ್ಪತ್ರೆಯಲ್ಲಿ ಕನಿಷ್ಠ ಎರಡು ವಾರ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಔಷಧವನ್ನು ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ. ಅನಂತರ ಕನಿಷ್ಠ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ಜ್ವರ ಬಿಟ್ಟಿತೆಂದು ಮಾತ್ರೆಯನ್ನೂ ಬಿಟ್ಟವರಲ್ಲಿ ರೋಗವು ಮರುಕಳಿಸುವ ಸಂಭವ ಹೆಚ್ಚು. ಆದುದರಿಂದ ಒಬ್ಬರ ಮಾತ್ರೆಯ ಲೆಕ್ಕವನ್ನು ಇನ್ನೊಬ್ಬರು ಇಟ್ಟುಕೊಳ್ಳಿರಿ. ರೋಗಿಗೆ ತಟ್ಟೆ, ಹಾಸಿಗೆಗಳನ್ನು ಬೇರೆ ಮಾಡುವ ಅಗತ್ಯವಿಲ್ಲ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದು ಅತಿ ವಿರಳ.

ಕೆಸರಿನಲ್ಲಿ ಗಂಬೂಟು ತೊಟ್ಟು ನಡೆಯುವ ಕಷ್ಟವನ್ನು ನಾನು ಬಲ್ಲೆ. ಆದರೂ ಸಕ್ಕರೆ ಕಾಯಿಲೆಯವರು ಅದನ್ನು ತೊಡಬೇಕು. ಕಾಲಿನಲ್ಲಿ ಗಾಯವಿದ್ದರೆ ಅದು ಮಾಯುವವರೆಗೆ ಗದ್ದೆಗೆ ಇಳಿಯಬಾರದು. ಕೆಲಸ ಮುಗಿದೊಡನೆ ಸಾಬೂನಿನಿಂದ ಕೈಕಾಲು ತೊಳೆಯಬೇಕು, ಕುದಿಸಿ ಆರಿಸಿದ ನೀರನ್ನೇ ಕುಡಿಯಬೇಕು. ಮಳೆಗಾಲದಲ್ಲಿ ಜ್ವರ ಬಂದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಸಕ್ಕರೆ ಕಾಯಿಲೆ ಇರುವುದನ್ನೂ ಗದ್ದೆಯಲ್ಲಿ ದುಡಿಯುವುದನ್ನೂ ವೈದ್ಯರು ಕೇಳುವ ಮೊದಲೇ ತಿಳಿಸಿರಿ.