ಜೊತೆಗೂಡಿ ಓಡಿದವರು

ಓಟವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಶಾಲೆಯ ಕ್ರೀಡೋತ್ಸವ: ಬಯಲಿನಲ್ಲಿ ಎಳೆದ ಸುಣ್ಣದ ಗೆರೆ, ಸೀಟಿಯ ಸದ್ದು, ಮೊದಲು ಬಂದವನಿಗೆ ಬಹುಮಾನ. ಆದರೆ ಗೆಲ್ಲುವುದಕ್ಕಾಗಿಯಲ್ಲದೆ ಕೊಡುವುದಕ್ಕಾಗಿ ಓಡುವ ಓಟವೂ ಉಂಟು. ಅದು ಸಹಾಯಾರ್ಥ ಓಟ. ಕಷ್ಟಕ್ಕೆ ಸಿಲುಕಿದ ಒಬ್ಬ ವ್ಯಕ್ತಿಗೋ, ಒಂದು ಸೇವಾಸಂಸ್ಥೆಗೋ ಹಣ ಕೂಡಿಸುವುದು ಅದರ ಉದ್ದೇಶ. ಅಲ್ಲಿ ಮಕ್ಕಳು, ಮುದುಕರು ಎಲ್ಲರೂ ತಮ್ಮ ಶಕ್ತಿಗೆ ತಕ್ಕಂತೆ ಓಡಬಹುದು; ಓಡಲಾರದವರು ನಡೆಯಬಹುದು. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟದೊಡನೆಯೂ ಇಂತಹ ನಿಧಿಸಂಗ್ರಹ ಸೇರಿಕೊಂಡಿದೆ. ಅಂತಹದೊಂದು ಸಹಾಯಾರ್ಥ ಓಟದಿಂದ ಒಬ್ಬ ತಂದೆ ಮತ್ತು ಮಗನ ಬಾಳಿನ ದಾರಿಯೇ ಬದಲಾದ ವೃತ್ತಾಂತ ಇದು.

1962ರ ಜನವರಿಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಡಿಕ್ ಹಾಯ್ಟ್ ಮತ್ತು ಜೂಡಿ ದಂಪತಿಗಳಿಗೆ ಗಂಡುಮಗು ಹುಟ್ಟಿತು. ಹುಟ್ಟುವಾಗ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡು, ಮಿದುಳಿಗೆ ಪ್ರಾಣವಾಯು ಸಾಲದೆ ಹೋಯಿತು. ಅದರಿಂದ ಮಗುವಿಗೆ ಸೆರೆಬ್ರಲ್ ಪಾಲ್ಸಿ ಎಂಬ ವೈಕಲ್ಯ ಉಂಟಾಯಿತು. ಕೈಕಾಲುಗಳು ಹಿಡಿತಕ್ಕೆ ಬರಲಿಲ್ಲ, ಮಾತು ಹೊರಡಲಿಲ್ಲ. ಈ ಮಗುವಿನಿಂದ ಏನನ್ನೂ ನಿರೀಕ್ಷಿಸುವಂತಿಲ್ಲ, ಯಾವುದಾದರೂ ಆಶ್ರಯಧಾಮಕ್ಕೆ ಒಪ್ಪಿಸಿಬಿಡಿರೆಂದು ವೈದ್ಯರು ಸಲಹೆ ಕೊಟ್ಟರು. ತಂದೆತಾಯಿಗಳು ಆ ಸಲಹೆಯನ್ನು ಅಲ್ಲಿಯೇ ಬಿಟ್ಟು ಮಗುವನ್ನು ಮನೆಗೆ ತಂದರು. ಅವನಿಗೆ ರಿಕ್ ಎಂದು ಹೆಸರಿಟ್ಟರು.

ಮಗು ಮಾತನಾಡದಿದ್ದರೂ ಅದರ ಕಣ್ಣುಗಳು ತಂದೆತಾಯಿಗಳು ಹೋದೆಡೆಯೆಲ್ಲ ಹಿಂಬಾಲಿಸುತ್ತಿದ್ದವು. ಒಳಗೆ ಬುದ್ಧಿ ಬೆಳಗುತ್ತಿದೆಯೆಂದು ಅವರು ನಂಬಿದರು. ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳನ್ನು ಮುಟ್ಟಿಸಿ ಮುಟ್ಟಿಸಿ ತಾಯಿ ಅವನಿಗೆ ವರ್ಣಮಾಲೆ ಕಲಿಸಿದಳು. 1972ರಲ್ಲಿ ಟಫ್ಟ್ಸ್ ವಿಶ್ವವಿದ್ಯಾನಿಲಯದ ಎಂಜಿನಿಯರುಗಳು ಅವನಿಗಾಗಿ ಒಂದು ಗಣಕಯಂತ್ರವನ್ನು ರಚಿಸಿದರು. ಅದರ ಪರದೆಯ ಮೇಲೆ ಅಕ್ಷರಗಳು ಒಂದಾದ ಮೇಲೊಂದು ಬೆಳಗುವುವು. ಬೇಕಾದ ಅಕ್ಷರ ಬಂದಾಗ ರಿಕ್ ತಲೆಯ ಪಕ್ಕದ ಗುಂಡಿಯನ್ನು ಒತ್ತುವನು. ಹೀಗೆ ಅಕ್ಷರಕ್ಕೆ ಅಕ್ಷರ ಕೂಡಿ ಮಾತಾಗುವುದು. ಮೊದಲ ಮಾತು ಅಮ್ಮನಿಗೋ ಅಪ್ಪನಿಗೋ ಎಂದು ಮನೆಯವರೆಲ್ಲ ಕಾದಿದ್ದರು. ಹತ್ತು ವರ್ಷದ ಬಾಲಕ ಬರೆದದ್ದು ಬಾಸ್ಟನ್ನಿನ ಐಸ್ ಹಾಕಿ ತಂಡಕ್ಕೆ ಹುರಿದುಂಬಿಸುವ ಮಾತು! ಅಷ್ಟು ಕಾಲವೂ ಮೂಲೆಯಲ್ಲಿ ಕುಳಿತು ಅವನು ಆಟವನ್ನು ಎಲ್ಲರಷ್ಟೇ ಆಸಕ್ತಿಯಿಂದ ಗಮನಿಸುತ್ತಿದ್ದನೆಂಬುದು ಆಗ ತಿಳಿಯಿತು. ಮೂರು ವರ್ಷಗಳ ಬಳಿಕ, ತಂದೆತಾಯಿಗಳ ಬಿಡದ ಪ್ರಯತ್ನದಿಂದ, ಅವನಿಗೆ ಎಲ್ಲ ಮಕ್ಕಳೂ ಓದುವ ಶಾಲೆಯಲ್ಲಿ ಪ್ರವೇಶ ದೊರೆಯಿತು.

1977ರಲ್ಲಿ, ಅಪಘಾತದಿಂದ ದೇಹದ ಸ್ವಾಧೀನ ತಪ್ಪಿದ ಯುವ ಆಟಗಾರನೊಬ್ಬನ ನೆರವಿಗಾಗಿ ಐದು ಮೈಲಿಗಳ ಓಟವೊಂದು ಏರ್ಪಾಡಾಯಿತು. ತಾನೂ ಅದರಲ್ಲಿ ಭಾಗವಹಿಸಬೇಕೆಂದು ರಿಕ್ ಯಂತ್ರದ ಮೂಲಕ ತಂದೆಗೆ ತಿಳಿಸಿದ. ಡಿಕ್ ಸೈನ್ಯದಲ್ಲಿದ್ದವನಾದರೂ ಓಟಗಾರನಲ್ಲ. ವಯಸ್ಸು ನಲವತ್ತರ ಸಮೀಪ ಬಂದಿತ್ತು. ಆದರೂ ಮಗನ ಮಾತನ್ನು ತಳ್ಳಿಹಾಕಲಿಲ್ಲ. ಗಾಲಿಕುರ್ಚಿಯಲ್ಲಿ ಮಗನನ್ನು ಕೂರಿಸಿ ತಳ್ಳುತ್ತ ಐದು ಮೈಲಿಗಳನ್ನೂ ಓಡಿ ಮುಗಿಸಿದ. ಗುರಿ ಮುಟ್ಟಿದವರಲ್ಲಿ ಅವರು ಕೊನೆಯವರಿಗಿಂತ ಒಂದೇ ಸ್ಥಾನ ಮುಂದಿದ್ದರು. ಅನಂತರ ಎರಡು ವಾರ ಡಿಕ್ಕನಿಗೆ ಮೈಕೈ ನೋವು; ಆಗ ಅಂಗವಿಕಲನಾಗಿದ್ದವನು ತಾನೇ ಎಂದು ಅವನು ವಿನೋದವಾಗಿ ಹೇಳಿಕೊಂಡದ್ದುಂಟು.

ಆ ರಾತ್ರಿ ರಿಕ್ ತನ್ನ ಯಂತ್ರದ ಮುಂದೆ ಕುಳಿತು ತಂದೆಗೆ ಒಂದು ಮಾತು ತಿಳಿಸಿದ: ಓಡುವಾಗ ತನ್ನ ಅಂಗವೈಕಲ್ಯವೇ ಮಾಯವಾದಂತೆ ಅನ್ನಿಸುತ್ತದೆ ಎಂದು. ಪರರ ನೆರವಿಗೆಂದು ಹೊರಟವನಿಗೆ ತನ್ನದೇ ಬಿಡುಗಡೆ ದೊರೆತಿತ್ತು. ಆ ಮಾತು ತಂದೆಯ ಮನಸ್ಸನ್ನು ಹಿಡಿಯಿತು. ಮಗ ಶಾಲೆಯಲ್ಲಿರುವಾಗ, ಗಾಡಿಯಲ್ಲಿ ಅವನ ಬದಲು ಸಿಮೆಂಟಿನ ಚೀಲವನ್ನಿಟ್ಟು ತಳ್ಳುತ್ತ ಡಿಕ್ ಅಭ್ಯಾಸ ಮಾಡತೊಡಗಿದ.

ದಾರಿ ಸುಗಮವಾಗಿರಲಿಲ್ಲ. ಒಬ್ಬರೇ ಓಡುವವರ ಸಾಲಿಗೂ ಸೇರದ, ಗಾಲಿಕುರ್ಚಿಯ ಸ್ಪರ್ಧಿಗಳ ಸಾಲಿಗೂ ಸೇರದ ಈ ಜೋಡಿಯನ್ನು ಓಟದ ವ್ಯವಸ್ಥಾಪಕರು ಮೊದಮೊದಲು ಬರಮಾಡಿಕೊಳ್ಳಲಿಲ್ಲ. ಅಂಗವಿಕಲ ಮಕ್ಕಳಿದ್ದ ಕೆಲವು ಕುಟುಂಬಗಳವರೇ, ಈ ತಂದೆ ತನ್ನ ಕೀರ್ತಿಗಾಗಿ ಮಗನನ್ನು ಎಳೆದಾಡುತ್ತಿದ್ದಾನೆಂದು ಆಕ್ಷೇಪಿಸಿದರು. ಓಡಬೇಕೆಂದು ಕೇಳಿದವನು ಮಗನೆಂಬುದು ಅವರಿಗೆ ತಿಳಿದಿರಲಿಲ್ಲ.

ತಂದೆ ಮಕ್ಕಳು ಓಟದಿಂದಲೇ ಉತ್ತರ ಕೊಟ್ಟರು. ಮ್ಯಾರಥಾನ್ ಎಂದರೆ 42 ಕಿಲೋಮೀಟರಿಗೂ ಮಿಗಿಲಾದ ದೂರ. ಅದನ್ನು ಅವರು ಒಮ್ಮೆ 2 ಗಂಟೆ 40 ನಿಮಿಷ 47 ಸೆಕೆಂಡುಗಳಲ್ಲಿ ಕ್ರಮಿಸಿದರು. 1992ರಲ್ಲಿ ಸೈಕಲ್ಲಿನಿಂದಲೂ ಓಟದಿಂದಲೂ 45 ದಿನಗಳಲ್ಲಿ ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯನ್ನು ಮುಟ್ಟಿದರು; ಆ ದಾರಿ 3,735 ಮೈಲಿ. ಈಜು ಬಾರದಿದ್ದ ಡಿಕ್ ಈಜು ಕಲಿತು, ಮಗನಿದ್ದ ಪುಟ್ಟ ದೋಣಿಯನ್ನು ಹಗ್ಗದಿಂದ ತನ್ನ ಮೈಗೆ ಕಟ್ಟಿಕೊಂಡು ಎಳೆದ. ಒಟ್ಟು ಸಾವಿರಕ್ಕೂ ಹೆಚ್ಚು ಸ್ಪರ್ಧೆಗಳಲ್ಲಿ ಅವರು ಜೊತೆಗೂಡಿ ಭಾಗವಹಿಸಿದರು. ಇದರ ನಡುವೆಯೇ ರಿಕ್ 1993ರಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯದ ಪದವೀಧರನಾದ.

1897ರಿಂದ ನಡೆದು ಬಂದಿರುವ ಬಾಸ್ಟನ್ ಮ್ಯಾರಥಾನಿನಲ್ಲಿ ಅವರು 32 ಬಾರಿ ಓಡಿದರು. 2013ರಲ್ಲಿ ಗುರಿಯ ಬಳಿ ಬಾಂಬು ಸಿಡಿದುದರಿಂದ ಓಟ ನಡುವೆಯೇ ನಿಂತಿತು. ಅದೇ ತಮ್ಮ ಕೊನೆಯ ಬಾಸ್ಟನ್ ಓಟವೆಂದುಕೊಂಡಿದ್ದ ತಂದೆ ಮಗ 2014ರಲ್ಲಿ ಮರಳಿ ಬಂದು, ಗುರಿ ಮುಟ್ಟಿಯೇ ವಿರಮಿಸಿದರು. ಆಗ ತಂದೆಗೆ 73 ವರ್ಷ. ಓಟ ಆರಂಭವಾಗುವ ಹಾಪ್ಕಿನ್‌ಟನ್ ಊರಿನಲ್ಲಿ ಅವರಿಬ್ಬರ ಕಂಚಿನ ಪ್ರತಿಮೆ ನಿಂತಿದೆ. ಡಿಕ್ 2021ರಲ್ಲಿಯೂ ರಿಕ್ 2023ರಲ್ಲಿಯೂ ತೀರಿಕೊಂಡರು.

ಈ ಸಂಗತಿಯನ್ನು ಓದಿದಾಗ ನನಗೆ ನನ್ನ ಉಪಾಧ್ಯಾಯ ವೃತ್ತಿಯ ದಿನಗಳು ನೆನಪಾಗುತ್ತವೆ. ಪೋಲಿಯೊದಿಂದ ಕಾಲು ಸೊರಗಿದ್ದ ವಿದ್ಯಾರ್ಥಿಯೊಬ್ಬ ನನ್ನ ತರಗತಿಯಲ್ಲಿದ್ದ. ಪ್ರತಿ ಕ್ರೀಡೋತ್ಸವದಲ್ಲಿಯೂ ಅವನನ್ನು ನೆರಳಿನಲ್ಲಿ ಕೂರಿಸಿ, ಗೆದ್ದವರ ಹೆಸರು ಬರೆಯುವ ಕೆಲಸ ಕೊಡುತ್ತಿದ್ದೆ. ಅವನ ಅಕ್ಷರ ಮುತ್ತಿನಂತಿತ್ತು; ನಾನು ಮಾಡುತ್ತಿದ್ದುದು ಉಪಕಾರವೆಂದೇ ನಂಬಿದ್ದೆ. ಮೂರು ವರ್ಷಗಳಲ್ಲಿ ಒಮ್ಮೆಯಾದರೂ, 'ನಿನಗೇನು ಇಷ್ಟವಪ್ಪಾ?' ಎಂದು ಕೇಳಲಿಲ್ಲ. ಡಿಕ್ ಹಾಯ್ಟನ ಹಿರಿಮೆ ಅವನ ತೋಳುಗಳ ಬಲದಲ್ಲಿ ಮಾತ್ರ ಇಲ್ಲ. ಮಗನ ಬಯಕೆಗೆ ಕಿವಿಗೊಟ್ಟುದರಲ್ಲಿದೆ. ಕೊಡುವವನು ಮೊದಲು ಕೇಳಲು ಕಲಿಯಬೇಕು.

ಹಾಗೆಂದು ಇಲ್ಲಿ ಕೊಟ್ಟವನು ತಂದೆಯೊಬ್ಬನೇ ಅಲ್ಲ. ಒಮ್ಮೆ ಡಿಕ್ಕನಿಗೆ ಲಘು ಹೃದಯಾಘಾತವಾಯಿತು. ಅವನು ಓಟದಿಂದ ದೇಹವನ್ನು ದೃಢವಾಗಿ ಇಟ್ಟುಕೊಳ್ಳದಿದ್ದಲ್ಲಿ ಎಷ್ಟೋ ವರ್ಷಗಳ ಹಿಂದೆಯೇ ಪ್ರಾಣಾಪಾಯವಾಗುತ್ತಿತ್ತೆಂದು ವೈದ್ಯರು ಹೇಳಿದರು. ಗಾಡಿಯನ್ನು ತಳ್ಳಿದವನು ತಂದೆ. ತಂದೆಯನ್ನು ಮುಂದಕ್ಕೆ ಕರೆದೊಯ್ದವನು ಮಗ. ತಂದೆಗೆ ಏನು ಕೊಡಲು ಬಯಸುವೆ ಎಂದು ಕೇಳಿದಾಗ, ಅಪ್ಪ ಕುರ್ಚಿಯಲ್ಲಿ ಕುಳಿತಿರಬೇಕು, ತಾನು ಒಮ್ಮೆ ತಳ್ಳಬೇಕು ಎಂದು ರಿಕ್ ಉತ್ತರಿಸಿದ್ದ.

ಅಭ್ಯಾಸ

1. ರಿಕ್ ಯಂತ್ರದ ಮೂಲಕ ಆಡಿದ ಮೊದಲ ಮಾತಿನಿಂದ ಮನೆಯವರಿಗೆ ಏನು ತಿಳಿಯಿತು?
2. 1977ರ ಓಟವು ಯಾರ ನೆರವಿಗಾಗಿ ನಡೆಯಿತು? ಅದು ರಿಕ್‌ಗೆ ಏನನ್ನು ಕೊಟ್ಟಿತು?
3. 'ಕೊಡುವವನು ಮೊದಲು ಕೇಳಲು ಕಲಿಯಬೇಕು' ಎಂಬ ಮಾತನ್ನು ಲೇಖಕರ ಅನುಭವದ ಆಧಾರದಿಂದ ವಿವರಿಸಿ.
4. ನಿಮ್ಮ ಶಾಲೆಯ ಕ್ರೀಡೋತ್ಸವದಲ್ಲಿ ಯಾರೂ ಹೊರಗುಳಿಯದಂತೆ ಮಾಡಲು ಏನೇನು ಏರ್ಪಾಡು ಮಾಡಬಹುದು? ಸಹಪಾಠಿಗಳೊಡನೆ ಚರ್ಚಿಸಿ ಬರೆಯಿರಿ.