ಖಾಲಿ ಕಾಲುವೆಯ ಅಪಾಯ



ನೀರಿಲ್ಲದ ಕಾಲುವೆಯಲ್ಲಿ ದನ ಕಟ್ಟುವವರುಂಟು. ಮೇಲೆ ತೂಬು ಎತ್ತಿದರೆ ಗತಿಯೇನು? ಅಮೆರಿಕದ ಡಲ್ಲಾಸ್ ನಗರದಲ್ಲಿ 1998ರ ಫೆಬ್ರವರಿ 27ರಂದು ಇಂಥದೇ ಸಂಗತಿ ನಡೆಯಿತು.

ಅಲ್ಲಿನ ಬೇಲರ್ ಆಸ್ಪತ್ರೆಯಲ್ಲಿ ರೋಗಿಗಳ ಎದೆಬಡಿತವನ್ನು ತಂತಿಯಿಲ್ಲದೆ ದಾದಿಯರಿಗೆ ತಿಳಿಸುವ ಯಂತ್ರಗಳಿದ್ದವು. ಟೆಲಿವಿಷನ್ನಿಗೆಂದು ಮೀಸಲಾಗಿ ಖಾಲಿ ಬಿದ್ದಿದ್ದ 9ನೆಯ ಚಾನೆಲ್ಲಿನ ಅಲೆಗಳೇ ಅವಕ್ಕೆ ದಾರಿ. ಹಾಗೆ ಬಳಸಲು ಕಾನೂನಿನ ಅಪ್ಪಣೆಯಿತ್ತು, ಆದರೆ ಮೊದಲ ಹಕ್ಕು ಟೆಲಿವಿಷನ್ನಿನದು. ಅಂದು ಒಂದು ಟೆಲಿವಿಷನ್ ಕೇಂದ್ರವು ಅದೇ ಚಾನೆಲ್ಲಿನಲ್ಲಿ ಡಿಜಿಟಲ್ ಪ್ರಸಾರವನ್ನು ಪರೀಕ್ಷಿಸಿತು. ಆ ಬಲವಾದ ಅಲೆಯಲ್ಲಿ ಯಂತ್ರಗಳ ಸಣ್ಣ ದನಿ ಮುಳುಗಿತು; ಹನ್ನೆರಡು ಯಂತ್ರಗಳು ಕೆಲಸ ನಿಲ್ಲಿಸಿದವು. ಪುಣ್ಯಕ್ಕೆ ಯಾವ ರೋಗಿಗೂ ಕೇಡಾಗಲಿಲ್ಲ. ಕಾರಣ ತಿಳಿದಮೇಲೆ ಕೇಂದ್ರವು ಪ್ರಸಾರ ನಿಲ್ಲಿಸಿತು.

2000ದಲ್ಲಿ ಆ ದೇಶವು ಇಂಥ ಯಂತ್ರಗಳಿಗೆ ಪ್ರತ್ಯೇಕ ಪಾಲು ಕೊಟ್ಟಿತು. ಅದರಲ್ಲಿ 608ರಿಂದ 614 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯೂ ಸೇರಿದೆ. ಅಲ್ಲಿ ಯಾವ ಟೆಲಿವಿಷನ್ ಕೇಂದ್ರವೂ ಪ್ರಸಾರ ಮಾಡುವಂತಿಲ್ಲ.